ನೆತ್ತಿಗೆ ನೆಡುವ ಕೃತಕ ಕೂದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ನಾನು ಔಷಧದ ಅಂಗಡಿ ಇಟ್ಟು ಇಪ್ಪತ್ತು ವರ್ಷ ದಾಟಿತು. ಕೂದಲಿನ ವಿಷಯವನ್ನು ಜನ ವೈದ್ಯರ ಬಳಿ ಕೇಳುವುದಕ್ಕಿಂತ ನಮ್ಮ ಕೌಂಟರಿನ ಮುಂದೆ, ಅದೂ ಬೇರೆ ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು, ದನಿ ತಗ್ಗಿಸಿ ಕೇಳುವುದೇ ಹೆಚ್ಚು. ಮದುವೆಯ ಮಾತುಕತೆ ನಡೆಯುತ್ತಿರುವ ಹುಡುಗರಿಂದ ಹಿಡಿದು ನಿವೃತ್ತಿಯ ಹೊಸ್ತಿಲಲ್ಲಿರುವ ಮೇಷ್ಟ್ರುಗಳವರೆಗೆ ಅನೇಕರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತಂದಿದ್ದೇನೆ. ನಾನು ಫಾರ್ಮಸಿಸ್ಟ್, ವೈದ್ಯನಲ್ಲ. ಆದ್ದರಿಂದ ಇದನ್ನು ಓದಿಕೊಂಡು ಚರ್ಮರೋಗ ತಜ್ಞರ ಬಳಿ ಹೋಗಬೇಕೇ ಹೊರತು, ಅವರ ಬದಲಿಗೆ ಇದನ್ನು ಓದಬಾರದು.

ಕೃತಕ ಕೂದಲು ನೆಡುವುದೂ ಕೂದಲು ಕಸಿಯೂ ಒಂದೇ ಅಲ್ಲವೇ?

ಅಲ್ಲ. ಜಾಹೀರಾತುಗಳು ಎರಡನ್ನೂ ‘ಶಾಶ್ವತ ಪರಿಹಾರ’ ಎಂಬ ಒಂದೇ ಬುಟ್ಟಿಗೆ ಹಾಕುವುದರಿಂದ ಈ ಗೊಂದಲ ಹುಟ್ಟಿದೆ. ಕಸಿಯಲ್ಲಿ ನಿಮ್ಮದೇ ತಲೆಯ ಹಿಂಭಾಗದಿಂದ ಒಂದರಿಂದ ನಾಲ್ಕು ಕೂದಲುಗಳಿರುವ ಸಣ್ಣ ಸಣ್ಣ ಗುಂಪುಗಳನ್ನು, ಬೇರು ಮತ್ತು ಸುತ್ತಲಿನ ಅಂಗಾಂಶದ ಸಮೇತ ತೆಗೆದು ಬೋಳಾದ ಜಾಗದಲ್ಲಿ ಇಡುತ್ತಾರೆ. ಹಾಗೆ ಇಟ್ಟ ಬೇರು ಹೊಸ ಜಾಗದಲ್ಲಿ ರಕ್ತ ಪಡೆದು ಬದುಕುತ್ತದೆ, ಮೊದಲು ಉದುರಿ ಆಮೇಲೆ ಚಿಗುರುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಿಂದಲೆಯ ಬೇರು ಎಲ್ಲಿಗೆ ಹೋದರೂ ತನ್ನ ಗುಣ ಬಿಡುವುದಿಲ್ಲ ಎಂಬುದನ್ನು ಅಮೆರಿಕದ ಚರ್ಮವೈದ್ಯ ನಾರ್ಮನ್ ಓರೆಂಟ್ರೈಖ್ 1959ರಲ್ಲಿ ಪ್ರಕಟಿಸಿದ ಮೇಲೆಯೇ ಈ ವಿದ್ಯೆಗೆ ನೆಲೆ ಸಿಕ್ಕಿತು.

ಕೃತಕ ಕೂದಲಿಗೆ ಬೇರೇ ಇಲ್ಲ. ಅದು ಪಾಲಿಅಮೈಡ್ ಅಥವಾ ಪಾಲಿಯೆಸ್ಟರ್‌ನ ಸಣ್ಣ ನೂಲು. ತೋಟ ಇರುವವರು ಕೇಳಿದಾಗ ನಾನು ಹೇಳುವುದಿಷ್ಟು: ಒಂದು ಕಸಿ ಕಟ್ಟಿದ ಗಿಡ, ಇನ್ನೊಂದು ಹುಗಿದ ಬೇಲಿಗೂಟ.

ಅದನ್ನು ನೆಡುವ ಕ್ರಮ ಹೇಗೆ?

ನೆತ್ತಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತುದಿಯಲ್ಲಿ ಸಣ್ಣ ಕೊಕ್ಕೆಯಿರುವ ಸೂಜಿಯಿಂದ ಒಂದೊಂದೇ ಎಳೆಯನ್ನು ಒಳಗೆ ತಳ್ಳುತ್ತಾರೆ. ಎಳೆಯ ಬುಡದಲ್ಲಿ ಒಂದು ಪುಟ್ಟ ಗಂಟು ಇರುತ್ತದೆ. ಚರ್ಮದ ಕೆಳಗೆ, ತಲೆಬುರುಡೆಯ ಮೇಲೆ ಹಾಸಿಕೊಂಡಿರುವ ಗೇಲಿಯಾ ಎಂಬ ಗಟ್ಟಿ ಪೊರೆಗೆ ಆ ಗಂಟು ಸಿಕ್ಕಿಕೊಳ್ಳುತ್ತದೆ, ಕೆಲವು ವಾರಗಳಲ್ಲಿ ಅದರ ಸುತ್ತ ನಾರಿನಂತಹ ಅಂಗಾಂಶ ಬೆಳೆದು ಬಿಗಿಯಾಗುತ್ತದೆ. ಒಂದು ಬಾರಿಗೆ ನೂರಾರು ಎಳೆ ನೆಡಬಹುದು, ಅದೇ ದಿನ ಕನ್ನಡಿಯಲ್ಲಿ ಫಲ ಕಾಣುತ್ತದೆ. ಕಸಿಯಾದರೆ ಫಲ ಕಾಣಲು ಎಂಟು ಹತ್ತು ತಿಂಗಳು ಕಾಯಬೇಕು. ಈ ಪದ್ಧತಿಯ ನಿಜವಾದ ಆಕರ್ಷಣೆ ಇರುವುದು ಇಲ್ಲೇ. ಮುಂದಿನ ವೈಶಾಖಕ್ಕೆ ಲಗ್ನ ಗೊತ್ತಾದವನಿಗೆ ಹತ್ತು ತಿಂಗಳ ಮಾತು ಕಿವಿಗೆ ಬೀಳುವುದಿಲ್ಲ.

ಸೋಂಕು, ಸೋಂಕು ಎಂದು ಎಲ್ಲರೂ ಹೇಳುತ್ತಾರೆ. ಸ್ವಚ್ಛವಾಗಿ ಮಾಡಿದರೂ ಏಕೆ ಆಗಬೇಕು?

ಇಡೀ ವಿಷಯ ನಿಂತಿರುವುದು ಈ ಪ್ರಶ್ನೆಯ ಮೇಲೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹುಟ್ಟಿನಿಂದ ಬಂದ ಕೂದಲು ಚರ್ಮವನ್ನು ತೂತು ಮಾಡಿಕೊಂಡು ಹೊರಗೆ ಬಂದದ್ದಲ್ಲ. ಚರ್ಮವೇ ಒಳಕ್ಕೆ ಮಡಚಿಕೊಂಡು ಒಂದು ಕಿರಿದಾದ ಕೊಳವೆಯಾಗಿ, ತಳ ಮುಚ್ಚಿದ ಆ ಕೊಳವೆಯ ಬುಡದಲ್ಲಿ ಕೂದಲು ಹುಟ್ಟುತ್ತದೆ. ನೆತ್ತಿಯ ಮೇಲೆ ಇಂತಹ ಸುಮಾರು ಒಂದು ಲಕ್ಷ ಕೊಳವೆಗಳಿದ್ದರೂ ಹೊರಗಿನ ಕೊಳೆ ಒಳಗಿನ ಮಾಂಸಕ್ಕೆ ಇಳಿಯಲು ಒಂದು ಬಾಗಿಲೂ ತೆರೆದಿರುವುದಿಲ್ಲ. ಕೃತಕ ಎಳೆ ಹಾಗಲ್ಲ. ಅದು ಚರ್ಮದ ಎಲ್ಲ ಪದರಗಳನ್ನೂ ಚುಚ್ಚಿಕೊಂಡು ಪೊರೆಯವರೆಗೆ ಇಳಿದಿರುತ್ತದೆ, ಆ ತೂತು ಎಂದೂ ಮುಚ್ಚುವುದಿಲ್ಲ. ಗಾಯ ಮಾಯಬೇಕೆಂದು ಚರ್ಮ ಪ್ರಯತ್ನಿಸುತ್ತದೆ, ಆದರೆ ಎಳೆ ಅಡ್ಡ ನಿಂತಿರುವುದರಿಂದ ಅದರ ಉದ್ದಕ್ಕೂ ಕೆಳಗೆ ಬೆಳೆಯುತ್ತ ಹೋಗುತ್ತದೆ. ಸತ್ತ ಜೀವಕೋಶಗಳೂ ಚರ್ಮದ ಜಿಡ್ಡೂ ಸೇರಿ ತೂತಿನ ಬಾಯಲ್ಲಿ ಬಿರಡೆಯಂತೆ ಕಟ್ಟಿಕೊಳ್ಳುತ್ತವೆ, ಅದರ ಕೆಳಗೆ ಬ್ಯಾಕ್ಟೀರಿಯಾಗಳು ಸಂಸಾರ ಹೂಡುತ್ತವೆ.

ಇದರ ಜೊತೆಗೆ ದೇಹದ ಸ್ವಂತ ಸ್ವಭಾವವೂ ಇದೆ. ಅಂಗಾಲಿಗೆ ಹೊಕ್ಕ ಮುಳ್ಳನ್ನು ದೇಹ ಒಂದೋ ಕೀವು ಮಾಡಿ ಹೊರಗೆ ತಳ್ಳುತ್ತದೆ, ಇಲ್ಲವೇ ಸುತ್ತಲೂ ಗಟ್ಟಿ ಗಂಟು ಕಟ್ಟಿ ಬಂಧಿಸಿಡುತ್ತದೆ. ವೈದ್ಯರು ಆ ಗಂಟಿಗೆ ಗ್ರಾನ್ಯುಲೋಮಾ ಎನ್ನುತ್ತಾರೆ. ಒಂದು ಮುಳ್ಳಿಗೆ ಆಗುವುದು ಸಾವಿರ ಎಳೆಗಳಿಗೂ ಆಗಬಹುದು. ಸ್ವಚ್ಛ ಕೊಠಡಿ, ಒಳ್ಳೆಯ ಕೈ, ಪ್ರತಿಜೀವಕ ಔಷಧ ಇವೆಲ್ಲ ಮೊದಲ ವಾರದ ಸೋಂಕನ್ನು ತಡೆಯುತ್ತವೆ. ತೂತು ಇರುವುದು ಮಾತ್ರ ವರ್ಷಗಳ ಕಾಲ.

ಎರಡು ಮಳೆಗಾಲಗಳ ಹಿಂದೆ ಗಿರಾಕಿಯೊಬ್ಬರು ಸೋಂಕಿನ ಮುಲಾಮಿನ ಅದೇ ಟ್ಯೂಬನ್ನು ಮೂರನೆಯ ಸಲ ಕೇಳಿದಾಗ ನಾನು ಕಾರಣ ವಿಚಾರಿಸಿದೆ. ಅವರು ಟೋಪಿ ತೆಗೆದು ತಲೆ ಬಗ್ಗಿಸಿದರು. ಎರಡು ಅಡಿ ದೂರದಿಂದ ಕೂದಲು ಚೆನ್ನಾಗಿಯೇ ಕಾಣುತ್ತಿತ್ತು. ಟ್ಯೂಬ್‌ಲೈಟಿನ ಕೆಳಗೆ ಹತ್ತಿರದಿಂದ ನೋಡಿದರೆ ಎಳೆ ಎಳೆಯ ಬುಡದಲ್ಲೂ ಬನ್ಸಿ ರವೆಯ ಕಾಳಿನಷ್ಟು ಬಿಳಿ ಬಿರಡೆ, ಹಲವು ಕಡೆ ಅದರ ಸುತ್ತ ಕೆಂಪು ಉಂಗುರ, ಎಳೆ ಬಿದ್ದುಹೋದಲ್ಲಿ ಸೂಜಿಮೊನೆಯಷ್ಟು ಕುಳಿ. ಮುಲಾಮು ಹಚ್ಚಿದಾಗ ಕೆಂಪು ಇಳಿಯುತ್ತದೆ, ನಿಲ್ಲಿಸಿದ ಹದಿನೈದು ದಿನಕ್ಕೆ ಮತ್ತೆ ಏಳುತ್ತದೆ ಎಂದರು. ಮುಲಾಮಿನ ತಪ್ಪೇನಲ್ಲ. ನಾನು ಟ್ಯೂಬ್ ಕೊಡದೆ ಚರ್ಮರೋಗ ವಿಭಾಗಕ್ಕೆ ಹೋಗಿ ಎಂದು ಕಳಿಸಿದೆ. ವ್ಯಾಪಾರಕ್ಕೆ ಅದು ಒಳ್ಳೆಯದಲ್ಲ, ಆದರೂ.

ಸೋಂಕಿನ ಹೊರತು ಬೇರೆ ಅಪಾಯಗಳಿವೆಯೇ?

ಇವೆ. ಉರಿಯೂತ ಬಹಳ ಕಾಲ ಉಳಿದರೆ ನೆತ್ತಿಯ ಮೇಲೆ ಕಲೆಗಟ್ಟುತ್ತದೆ, ಆ ಕಲೆ ಪಕ್ಕದಲ್ಲಿದ್ದ ನಿಮ್ಮ ಸ್ವಂತ ಕೂದಲಿನ ಬೇರುಗಳನ್ನೂ ನುಂಗುತ್ತದೆ. ಅಂದರೆ ಇಲ್ಲದ ಕೂದಲಿಗಾಗಿ ಇದ್ದ ಕೂದಲನ್ನು ಕಳೆದುಕೊಂಡಂತೆ. ಎಳೆ ಚರ್ಮದ ಮಟ್ಟದಲ್ಲಿ ತುಂಡಾದರೆ ಗಂಟು ಒಳಗೇ ಉಳಿಯುತ್ತದೆ, ಹೊರಗೆ ಹಿಡಿಯಲು ಏನೂ ಇರುವುದಿಲ್ಲ. ಚೀಲದಂತಹ ಗುಳ್ಳೆಗಳಾಗಬಹುದು, ತುರಿಕೆ ಮತ್ತು ನೋವು ಉಳಿದುಬಿಡಬಹುದು.

ಅಮೆರಿಕದಲ್ಲಿ ಇದನ್ನು ನಿಷೇಧಿಸಿದ್ದಾರೆ ಎನ್ನುವುದು ನಿಜವೇ?

ನಿಜ. 1970ರ ದಶಕದಲ್ಲಿ ಅಲ್ಲಿ ಮೋಡಾಕ್ರಿಲಿಕ್, ಪಾಲಿಅಕ್ರಿಲಿಕ್, ಪಾಲಿಯೆಸ್ಟರ್ ಎಳೆಗಳನ್ನು ಸಾಕಷ್ಟು ಜನರ ನೆತ್ತಿಗೆ ನೆಟ್ಟರು. ಮುಖ ಊದಿಕೊಂಡವರು, ನೆತ್ತಿ ಕೀವಾದವರು, ಉಳಿದ ಕೂದಲನ್ನೂ ಕಳೆದುಕೊಂಡವರು ಚರ್ಮವೈದ್ಯರ ಬಾಗಿಲಿಗೆ ಬಂದರು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 1983ರಲ್ಲಿ ನೆತ್ತಿಗೆ ನೆಡುವ ಕೃತಕ ಎಳೆಗಳನ್ನು ಪೂರ್ತಿಯಾಗಿ ನಿಷೇಧಿಸಿತು. ಆ ಸಂಸ್ಥೆ ಹೀಗೆ ನಿಷೇಧಿಸಿದ ಮೊಟ್ಟಮೊದಲ ವೈದ್ಯಕೀಯ ಸಾಧನ ಇದೇ. ಅಲ್ಲಿನ ಆದೇಶದಲ್ಲಿ ಗಮನಿಸಬೇಕಾದ ಎರಡು ಮಾತುಗಳಿವೆ. ಮೊದಲನೆಯದು, ಕಾಯಿಲೆ ಅಥವಾ ಗಾಯದ ಅಪಾಯದ ಜೊತೆಗೆ ಗ್ರಾಹಕರಿಗೆ ಆಗುವ ವಂಚನೆಯನ್ನೂ ಕಾರಣವಾಗಿ ಕೊಟ್ಟಿದ್ದಾರೆ. ಎರಡನೆಯದು, ಸಂಸ್ಕರಿಸಿದ ಮನುಷ್ಯರ ಕೂದಲನ್ನೂ ನಿಷೇಧದೊಳಗೆ ಸೇರಿಸಿದ್ದಾರೆ, ಸ್ವಂತ ಕೂದಲಿನ ಕಸಿಯನ್ನು ಮಾತ್ರ ಹೊರಗಿಟ್ಟಿದ್ದಾರೆ.

ಹಾಗಾದರೆ ತಿರುಪತಿಯ ಮುಡಿಯ ಕೂದಲನ್ನೇ ನೆಟ್ಟರೆ?

ಈ ಪ್ರಶ್ನೆಯನ್ನು ನಗುತ್ತ ಕೇಳುವವರೂ ಇದ್ದಾರೆ, ಗಂಭೀರವಾಗಿ ಕೇಳುವವರೂ ಇದ್ದಾರೆ. ಕತ್ತರಿಸಿದ ಕೂದಲಿಗೆ ಜೀವವಿಲ್ಲ. ಅದನ್ನು ನೆಟ್ಟರೂ ಅದು ಎಳೆಯೇ, ತೂತು ತೂತೇ. ಬೇರೆಯವರ ಕೂದಲನ್ನು ಬೇರುಸಹಿತ ತಂದು ನೆಟ್ಟರೆ ಪರರ ಅಂಗವನ್ನು ತಿರಸ್ಕರಿಸುವಂತೆ ದೇಹ ಅದನ್ನೂ ತಿರಸ್ಕರಿಸುತ್ತದೆ. ವಿಗ್ ಮಾಡಲು ಆ ಕೂದಲು ಬಹಳ ಒಳ್ಳೆಯದು, ಅದರ ಜಾಗ ಅದೇ.

ಆದರೆ ಈಗಿನ ಎಳೆಗಳು ಬೇರೆ ಎನ್ನುತ್ತಾರಲ್ಲ?

ಬೇರೆ ಎನ್ನುವುದು ಸುಳ್ಳಲ್ಲ. ಇಟಲಿಯ ಬಯೋಫೈಬರ್ ಪಾಲಿಅಮೈಡ್‌ನಿಂದ, ಜಪಾನಿನ ನಿಡೋ ಪಾಲಿಯೆಸ್ಟರ್‌ನಿಂದ ತಯಾರಾಗುತ್ತವೆ. ಯುರೋಪಿನಲ್ಲಿ ಇಂತಹ ಎಳೆಗಳಿಗೆ ಸಿಇ ಗುರುತು, ಅಂದರೆ ಅಲ್ಲಿನ ಸುರಕ್ಷತಾ ನಿಯಮಗಳಿಗೆ ಹೊಂದುತ್ತದೆ ಎಂಬ ಮುದ್ರೆ, ಸಿಕ್ಕಿದೆ. ಹಳೆಯ ಎಳೆಗಳಿಗಿಂತ ಇವು ದೇಹಕ್ಕೆ ಹೆಚ್ಚು ಒಗ್ಗುತ್ತವೆ, ಬುಡದ ಗಂಟನ್ನು ಎಳೆದಾಗ ಬಿಚ್ಚಿಕೊಂಡು ಬರುವಂತೆ ರೂಪಿಸಲಾಗಿದೆ. ಸೂಕ್ತ ವ್ಯಕ್ತಿಗಳನ್ನು ಆರಿಸಿ, ಕಟ್ಟುನಿಟ್ಟಾದ ಆರೈಕೆ ಮಾಡಿದಲ್ಲಿ ಬಹುಪಾಲು ಜನ ತಾಳಿಕೊಂಡರೆಂಬ ವೈದ್ಯಕೀಯ ವರದಿಗಳೂ ಇವೆ.

ಆದರೂ ನಾನು ಒಪ್ಪುವುದು ಅರ್ಧ ಮಾತ್ರ. ನಮ್ಮ ಕಡೆ ಬೇಲಿಗೂಟ ಎಲ್ಲಿ ಲಡ್ಡಾಗುತ್ತದೆ ಎಂದು ನೋಡಿದವರಿಗೆ ಗೊತ್ತು: ಮಣ್ಣಿನ ಆಳದಲ್ಲಲ್ಲ, ಮೇಲಿನ ಬಿಸಿಲಲ್ಲೂ ಅಲ್ಲ, ನೆಲಕ್ಕೂ ಗಾಳಿಗೂ ಗಡಿಯಾದ ಆ ನಾಲ್ಕು ಬೆರಳಿನ ಜಾಗದಲ್ಲಿ. ಗೂಟಕ್ಕೆ ಯಾವ ಮರ ಎಂಬುದು ಎಷ್ಟು ವರ್ಷ ಬಾಳುತ್ತದೆ ಎನ್ನುವುದನ್ನು ನಿರ್ಧರಿಸೀತು, ಗಡಿಯನ್ನು ಅದು ಇಲ್ಲವಾಗಿಸುವುದಿಲ್ಲ. ಹಾಗಾಗಿ ‘ಯಾವ ಕಂಪನಿಯ ಎಳೆ ಒಳ್ಳೆಯದು’ ಎಂದು ಕೇಳುವವರಿಗೆ ನಾನು ‘ತೆಗೆಯಬೇಕಾಗಿ ಬಂದರೆ ಹೇಗೆ ತೆಗೆಯುತ್ತೀರಿ ಎಂದು ಮೊದಲು ಕೇಳಿ’ ಎನ್ನುತ್ತೇನೆ. ಆ ಪ್ರಶ್ನೆಗೆ ಸರಾಗವಾಗಿ ಉತ್ತರ ಬರದ ಕಡೆ ಮಿಕ್ಕ ಉತ್ತರಗಳಿಂದ ಪ್ರಯೋಜನವಿಲ್ಲ.

ಒಮ್ಮೆ ನೆಟ್ಟರೆ ಎಷ್ಟು ವರ್ಷ ಇರುತ್ತದೆ?

ಎಳೆಗಳು ಬಿದ್ದುಹೋಗುತ್ತವೆ, ತುಂಡಾಗುತ್ತವೆ, ಮತ್ತೆ ಬೆಳೆಯುವುದಿಲ್ಲ. ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ನಷ್ಟವನ್ನು ಈ ಪದ್ಧತಿಯ ಪರವಾಗಿರುವವರೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಡುವಿನ 15 ಎಂದಿಟ್ಟುಕೊಳ್ಳಿ. ಸಾವಿರ ಎಳೆಗಳಲ್ಲಿ ಮೊದಲ ವರ್ಷದ ಕೊನೆಗೆ 850, ಮೂರನೆಯ ವರ್ಷಕ್ಕೆ 614, ಐದನೆಯ ವರ್ಷಕ್ಕೆ 444 ಉಳಿಯುತ್ತವೆ. ಅಂದರೆ ಇದು ಒಮ್ಮೆ ಮಾಡಿ ಮುಗಿಸುವ ಖರ್ಚಲ್ಲ, ವರ್ಷ ವರ್ಷ ತುಂಬುವ ಕಂತು. ಪ್ರತಿ ಕಂತಿಗೂ ಹೊಸ ತೂತುಗಳು. ಇದರ ಮೇಲೆ ಬಿರಡೆ ತೆಗೆಸಲು ಆಗಾಗ ಹೋಗುವ ಪ್ರಯಾಣ ಸೇರಿಸಿ. ಬೆಂಗಳೂರಿನಲ್ಲಿ ನೆಡಿಸಿಕೊಂಡು ಹೊಸನಗರದಲ್ಲಿ ಬದುಕುವವರು ಈ ಲೆಕ್ಕವನ್ನು ಹಾಕುವುದೇ ಇಲ್ಲ.

ಮಲೆನಾಡಿನ ಮಳೆ, ತೋಟದ ಕೆಲಸ ಇದಕ್ಕೆ ಅಡ್ಡಿಯೇ?

ಮಳೆನೀರು ತಾನೇ ಎಳೆಗೆ ಏನೂ ಮಾಡುವುದಿಲ್ಲ. ಕಷ್ಟ ಇರುವುದು ಒದ್ದೆಯಾಗಿ ಮುಚ್ಚಿಟ್ಟ ನೆತ್ತಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಕಡೆ ಬಟ್ಟೆಯೇ ಒಣಗುವುದಿಲ್ಲ, ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ಆ ದಿನಗಳಲ್ಲಿ ಹೆಲ್ಮೆಟ್ಟೋ ಪ್ಲಾಸ್ಟಿಕ್ ಕೊಪ್ಪೆಯೋ ಹೊತ್ತು ಬೆವರಿದ ತಲೆ ದಿನವಿಡೀ ಹಸಿಯಾಗಿಯೇ ಉಳಿಯುತ್ತದೆ, ಚರ್ಮದ ಮೇಲಿನ ಶಿಲೀಂಧ್ರಕ್ಕೂ ಬ್ಯಾಕ್ಟೀರಿಯಾಕ್ಕೂ ಅದು ಹಬ್ಬ. ಬಿಸಿ ಗಾಳಿಯ ಯಂತ್ರದಿಂದ ಒಣಗಿಸೋಣವೆಂದರೆ ಹೆಚ್ಚಿನ ಶಾಖಕ್ಕೆ ಕೃತಕ ಎಳೆ ಸುಕ್ಕುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಮರ ಹತ್ತಿ ಬೋರ್ಡೊ ದ್ರಾವಣ ಹೊಡೆಯುವ ಕೊನೆಗಾರರ ಮಾತು ಇನ್ನೂ ಬೇರೆ. ಮೈಲುತುತ್ತ ಮತ್ತು ಸುಣ್ಣದ ಆ ನೀರು ಮರದ ಮೇಲಿಂದ ತಲೆಗೇ ಸುರಿಯುತ್ತದೆ, ಗಟ್ಟಿ ಚರ್ಮಕ್ಕೇ ಉರಿ ತರುವ ದ್ರಾವಣ ನೂರಾರು ತೂತುಗಳ ನೆತ್ತಿಯ ಮೇಲೆ ಬೀಳುವುದು ಯಾವ ರೀತಿಯಲ್ಲೂ ಕ್ಷೇಮವಲ್ಲ. ಅಂತಹ ಕೆಲಸ ಮಾಡುವವರು ಈ ಯೋಚನೆಯನ್ನೇ ಕೈಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಎಣ್ಣೆ ಹಚ್ಚಬಹುದೇ? ಸೀಗೆಕಾಯಿ?

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ನೆತ್ತಿಗೆ ಎಣ್ಣೆ ತಟ್ಟಿಸಿಕೊಳ್ಳುವ ಸುಖವನ್ನು ಇಂಥವರು ಬಿಡಬೇಕಾಗುತ್ತದೆ. ಎಣ್ಣೆ ಬುಡದಲ್ಲಿ ಕಟ್ಟಿಕೊಂಡು ಬಿರಡೆಯನ್ನು ಬೆಳೆಸುತ್ತದೆ. ಸೀಗೆಪುಡಿಯ ತರಿಯೂ ಅಲ್ಲೇ ಕೂರುತ್ತದೆ, ತಿಕ್ಕಿದರೆ ಎಳೆ ಸಡಿಲವಾಗುತ್ತದೆ. ವೈದ್ಯರು ಹೇಳಿದ ಸೋಂಕುನಾಶಕ ಶಾಂಪೂ, ಬೆರಳ ತುದಿಯ ಮೆಲುವಾದ ಕೈ, ಅಷ್ಟೇ.

ಮುಡಿ ಕೊಡುವ ಹರಕೆ ಇದ್ದರೆ?

ಮೊದಲು ಹರಕೆ ತೀರಿಸಿ. ಕ್ಷೌರದ ಕತ್ತಿ ತಾಗಿದ ಕೃತಕ ಎಳೆ ಮತ್ತೆ ಬೆಳೆಯುವುದಿಲ್ಲ, ಒಳಗಿನ ಗಂಟು ಹಾಗೆಯೇ ಉಳಿಯುತ್ತದೆ. ಮನೆಯಲ್ಲಿ ಹಿರಿಯರ ಅಪರಕರ್ಮಕ್ಕೆ ತಲೆ ಬೋಳಿಸಬೇಕಾದ ದಿನ ಬರುವುದಂತೂ ಯಾರ ಕೈಯಲ್ಲೂ ಇಲ್ಲ, ಅದನ್ನೂ ಯೋಚಿಸಿ.

ಯಾರು ಸುತರಾಂ ಮಾಡಿಸಿಕೊಳ್ಳಬಾರದು?

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ರೋಗನಿರೋಧಕ ಶಕ್ತಿ ಕುಂದಿಸುವ ಔಷಧ ಅಥವಾ ಸ್ಟಿರಾಯ್ಡ್ ಸೇವಿಸುವವರು, ಸೋರಿಯಾಸಿಸ್ ಅಥವಾ ಜಿಡ್ಡಿನ ಹೊಟ್ಟಿನ ಉರಿಯೂತ ಇರುವವರು, ಗಾಯದ ಕಲೆ ದಪ್ಪನಾಗಿ ಕೆಲಾಯ್ಡ್ ಆಗುವ ಮೈಯವರು, ರಕ್ತ ತಿಳಿಯಾಗಿಸುವ ಮಾತ್ರೆ ನುಂಗುವವರು. ನಾಣ್ಯದ ಗಾತ್ರದಲ್ಲಿ ಥಟ್ಟನೆ ಕೂದಲು ಉದುರುವ, ವೈದ್ಯರು ಅಲೋಪೇಶಿಯಾ ಏರಿಯೇಟಾ ಎನ್ನುವ ತೊಂದರೆ ಇರುವವರು ಕೂಡ. ಅದು ಸ್ವಂತ ರೋಗನಿರೋಧಕ ವ್ಯವಸ್ಥೆಯೇ ಬೇರಿನ ಮೇಲೆ ಬೀಳುವ ಕಾಯಿಲೆ, ಅಲ್ಲಿ ಮತ್ತೊಂದು ಹೊರವಸ್ತುವನ್ನು ಇಡುವುದು ಉರಿಯುವ ಒಲೆಗೆ ಸೌದೆ ಒಟ್ಟಿದಂತೆ.

ನನ್ನದು ನಿಜವಾಗಿ ಬೊಕ್ಕತಲೆಯೇ ಎಂದು ತಿಳಿಯುವುದು ಹೇಗೆ?

ಅನೇಕರು ಇದನ್ನು ಕೇಳದೆಯೇ ಮುಂದೆ ಹೋಗುತ್ತಾರೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಟೈಫಾಯ್ಡ್, ಡೆಂಗಿ, ಮಂಗನ ಕಾಯಿಲೆಯಂತಹ ತೀವ್ರ ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಇವುಗಳಾದ ಎರಡು ಮೂರು ತಿಂಗಳಿಗೆ ಬಚ್ಚಲಿನ ಜಾಲರಿ ತುಂಬುವಷ್ಟು ಕೂದಲು ಹೋಗಬಹುದು. ಅದು ಬಹುತೇಕ ತಾನಾಗಿ ಮರಳುತ್ತದೆ. ಥೈರಾಯ್ಡ್ ಮತ್ತು ರಕ್ತಹೀನತೆಯಿಂದ ಉದುರುವುದಕ್ಕೆ ಮದ್ದಿದೆ. ಹಣೆಯ ಎರಡು ಬದಿ ಹಿಂದಕ್ಕೆ ಸರಿದು ನಡುನೆತ್ತಿ ತೆಳುವಾಗುವುದು ಮಾತ್ರ ಡಿಎಚ್‌ಟಿ ಎಂಬ ಹಾರ್ಮೋನು ಮತ್ತು ವಂಶವಾಹಿಗಳ ಕೆಲಸ.

ಹಾಗಾದರೆ ಬೇರೆ ದಾರಿ ಏನು?

ಮಿನಾಕ್ಸಿಡಿಲ್ ದ್ರಾವಣವನ್ನು ದಿನವೂ ಹಚ್ಚಬೇಕು, ಮೊದಲ ವಾರಗಳಲ್ಲಿ ಇನ್ನಷ್ಟು ಉದುರಿದಂತೆ ಕಾಣುತ್ತದೆ, ಫಲಕ್ಕೆ ನಾಲ್ಕಾರು ತಿಂಗಳು ಬೇಕು, ಬಿಟ್ಟರೆ ಫಲವೂ ಬಿಡುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೆ ಎಟುಕದಂತಿಡಿ, ಬೆಕ್ಕಿಗೆ ಅದು ವಿಷ. ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆಗೆ ಅಮೆರಿಕದಲ್ಲಿ 1997ರಲ್ಲಿ ಗಂಡಸರ ಬೊಕ್ಕತಲೆಗೆಂದು ಒಪ್ಪಿಗೆ ಸಿಕ್ಕಿತು. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವ ಅಡ್ಡಪರಿಣಾಮ ಇರುವುದರಿಂದ ಚೀಟಿಯಿಲ್ಲದೆ ನಾನು ಕೊಡುವುದಿಲ್ಲ. ಬಸುರಿಯರು ಅದರ ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು.

ಸ್ವಂತ ಕೂದಲಿನ ಕಸಿಗೆ ಹಿಂದಲೆಯ ದಾಸ್ತಾನೇ ಮಿತಿ. ಅದು ಮುಗಿದವರಿಗೆ, ಹಿಂದಲೆಯೇ ತೆಳುವಾದವರಿಗೆ ಕೃತಕ ಎಳೆ ಕೊನೆಯ ಆಸೆಯಾಗಿ ಕಾಣುವುದು ಸಹಜ, ನಾನು ಅವರನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಅಂಥವರಿಗೂ ರಾತ್ರಿ ಬಿಚ್ಚಿಡಬಹುದಾದ ಒಳ್ಳೆಯ ವಿಗ್ ಇದಕ್ಕಿಂತ ಮೇಲು ಎನ್ನುತ್ತೇನೆ. ಹವ್ಯಾಸಿ ನಾಟಕದವರೂ ಯಕ್ಷಗಾನದವರೂ ತಲೆಯ ಮೇಲೆ ಏನೇನೋ ಹೊತ್ತು ಕುಣಿದು, ಬೆಳಗಿನ ಜಾವ ಕಳಚಿಟ್ಟು ನೆತ್ತಿ ತುರಿಸಿಕೊಳ್ಳುವ ಊರು ನಮ್ಮದು. ಕಳಚಿಡುವುದರಲ್ಲಿ ಅವಮಾನವೇನಿದೆ?

ಮೊದಲು ಕೃತಕ ಎಳೆ, ಆಮೇಲೆ ಬೇಕಾದರೆ ಕಸಿ ಮಾಡಿಸಬಹುದೇ?

ಕ್ರಮ ತಲೆಕೆಳಗಾಗಿದೆ. ಕಲೆಗಟ್ಟಿದ ನೆತ್ತಿಯಲ್ಲಿ ರಕ್ತ ಸಂಚಾರ ಕಡಿಮೆ, ಅಲ್ಲಿ ನೆಟ್ಟ ಜೀವಂತ ಬೇರು ಹಿಡಿಯುವುದು ಕಷ್ಟ.

ಆದರೂ ಮಾಡಿಸಲೇಬೇಕೆಂದಿದ್ದರೆ ಏನೇನು ವಿಚಾರಿಸಬೇಕು?

ಕ್ಲಿನಿಕ್ಕಿನಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಗೋಡೆಯ ಮೇಲಿರಬೇಕು. ಸೂಜಿ ಹಿಡಿಯುವವರು ಯಾರು, ಅವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು ಎಂದು ಕೇಳಿ. ಸಲಹೆ ಕೊಡುವುದು ಒಬ್ಬರು, ನೆಡುವುದು ತರಬೇತಿಯಿಲ್ಲದ ಇನ್ನೊಬ್ಬರು ಆಗಬಾರದು. ಎಳೆಯೂ ಒಂದು ವೈದ್ಯಕೀಯ ಸಾಧನ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಆದ್ದರಿಂದ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಆಮದು ಪರವಾನಗಿಯ ವಿವರಗಳನ್ನು ಕೇಳುವ ಹಕ್ಕು ನಿಮಗಿದೆ. ಮೊದಲು ನೂರರೊಳಗೆ ಎಳೆಗಳನ್ನು ಪರೀಕ್ಷೆಗೆಂದು ನೆಟ್ಟು ಕನಿಷ್ಠ ಒಂದು ತಿಂಗಳು ಕಾಯುವ ಪದ್ಧತಿ ಇದೆ. ಅದನ್ನು ಬಿಟ್ಟು ‘ಇವತ್ತೇ ಮುಗಿಸೋಣ, ರಿಯಾಯಿತಿ ಇದೆ’ ಎನ್ನುವ ಕಡೆಯಿಂದ ಎದ್ದು ಬನ್ನಿ. ಸೌಂದರ್ಯಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ, ಮೇಲೆ ಜಿಎಸ್‌ಟಿ ಬೀಳುತ್ತದೆ. ಅದಕ್ಕೇ ಕೆಲವರು ಬಿಲ್ಲಿಲ್ಲದೆ ಕಡಿಮೆಗೆ ಮಾಡಿಕೊಡುತ್ತೇವೆ ಎನ್ನುತ್ತಾರೆ. ಬಿಲ್ಲು ಬಿಡಬೇಡಿ.

ತೊಂದರೆಯಾದರೆ ದೂರು ಎಲ್ಲಿ?

ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪಿತ್ತಿದೆ. ತೊಂದರೆ ಉಂಟಾದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಬಿಲ್ಲು, ಒಪ್ಪಿಗೆ ಪತ್ರದ ಪ್ರತಿ, ತಾರೀಖು ಕಾಣುವ ಫೋಟೋಗಳು ಇಲ್ಲದೆ ವಾದ ನಿಲ್ಲುವುದಿಲ್ಲ.

ಎಳೆಗಳನ್ನು ಮನೆಯಲ್ಲೇ ಕಿತ್ತು ಹಾಕಬಹುದೇ?

ಖಂಡಿತ ಬೇಡ. ಚಿಮುಟದಲ್ಲಿ ಎಳೆದರೆ ಎಳೆ ತುಂಡಾಗಿ ಗಂಟು ಒಳಗೇ ಉಳಿಯುತ್ತದೆ, ಆಮೇಲೆ ಅದನ್ನು ಚರ್ಮ ಕೊಯ್ದು ಹುಡುಕಬೇಕಾಗುತ್ತದೆ. ಜ್ವರ, ಹಣೆ ಅಥವಾ ಕಣ್ಣಿನ ಸುತ್ತ ಬಾವು, ಕತ್ತಿನ ಗ್ರಂಥಿ ಊದುವುದು, ಕೀವು ಇವುಗಳಲ್ಲಿ ಯಾವುದು ಕಂಡರೂ ಸೋಮವಾರದವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ನೆಟ್ಟವರ ಬಳಿಯೇ ಹೋಗಬೇಕೆಂದಿಲ್ಲ, ಹತ್ತಿರದ ಚರ್ಮರೋಗ ತಜ್ಞರು ಸಾಕು.

ನನಗೆ ನೆಟ್ಟು ಮೂರು ವರ್ಷವಾಗಿದೆ, ಏನೂ ತೊಂದರೆಯಿಲ್ಲ. ಹೆದರಿ ತೆಗೆಸಬೇಕೇ?

ಬೇಕಿಲ್ಲ. ಶಾಂತವಾಗಿರುವ ನೆತ್ತಿಯನ್ನು ಕೆದಕುವ ಅಗತ್ಯವಿಲ್ಲ, ಉದುರಿದ್ದರ ಜಾಗಕ್ಕೆ ಮತ್ತೆ ತುಂಬಿಸಬೇಕೇ ಎಂಬುದನ್ನು ಮಾತ್ರ ನಿಧಾನವಾಗಿ ಯೋಚಿಸಿ. ತಿಂಗಳಿಗೊಮ್ಮೆ ಮನೆಯವರಿಂದ ಹಗಲು ಬೆಳಕಿನಲ್ಲಿ ಬುಡಗಳನ್ನು ನೋಡಿಸಿಕೊಳ್ಳಿ. ಕ್ಷೌರದವರಿಗೆ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ, ಯಾವುದೇ ಕಾಯಿಲೆಗೆ ಸ್ಟಿರಾಯ್ಡ್ ಅಥವಾ ಕೀಮೋಥೆರಪಿ ಆರಂಭಿಸುವ ವೈದ್ಯರಿಗೂ ಹೇಳಿ. ಎಳೆಯ ಹೆಸರು, ನೆಟ್ಟ ತಾರೀಖು, ಎಷ್ಟು ಎಳೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪಾಕೀಟಿನಲ್ಲಿ ಇಟ್ಟುಕೊಳ್ಳಿ. ಮೇಲೆ ಹೇಳಿದ ಆ ಗಿರಾಕಿಯ ಹತ್ತಿರ ಈ ಮೂರರಲ್ಲಿ ಒಂದೂ ಇರಲಿಲ್ಲ, ತೆಗೆಯುವ ವೈದ್ಯರು ಗಂಟು ಯಾವ ಬಗೆಯದೆಂದು ತಿಳಿಯಲು ಮೊದಲ ಹತ್ತು ಎಳೆಗಳನ್ನು ಒಂದೊಂದಾಗಿ ಕಿತ್ತು ನೋಡಬೇಕಾಯಿತು.